ಬ್ಯಾಂಕಿನ ಮೆಟ್ಟಿಲು ಹತ್ತಿಸಿದ ಹನ್ನೆರಡು ಹಾಳೆ

ನಮ್ಮ ಶಿಗ್ಲಿ ಮಳೆ ನಂಬಿದ ಊರು. ಊರೊಳಗೆ ಮಗ್ಗದ ಸಪ್ಪಳ, ಊರ ಹೊರಗೆ ಎರಿ ಹೊಲ. ಹಿಂದೆ ಶಿರಹಟ್ಟಿ ತಾಲೂಕಿನಲ್ಲಿತ್ತು, ಈಗ ಲಕ್ಷ್ಮೇಶ್ವರ ತಾಲೂಕು. ನನ್ನದು ಆರು ಎಕರೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ, ಬಿಳಿಜೋಳ. ಕಲಿತದ್ದು ಏಳನೇ ಇಯತ್ತೆ. ಪಾಠದ ಹಾಳೆ ಬರೆಯುವ ಮನುಷ್ಯ ನಾನಲ್ಲ. ಹಂಗಿದ್ದರೂ ಬರೆಯಬೇಕಾಯಿತು, ಅದರ ಕಾರಣ ಮೊದಲು ಹೇಳುತ್ತೇನೆ.

2023ರ ಬರ ನಿಮಗೆಲ್ಲ ನೆನಪಿದೆ. ಆ ವರ್ಷ ನಮ್ಮ ಹೆಸರು ಹೂವಿಗೆ ಬಂದಾಗ ಮಳೆ ಕೈಕೊಟ್ಟಿತು. ನನ್ನ ತಮ್ಮನ ಮಗನಿಗೆ ಆಗ ಇಪ್ಪತ್ತೆರಡು. ಪಿಯುಸಿ ಪಾಸಾದವನು, ಮೊಬೈಲಿನಲ್ಲಿ ಏನು ಬೇಕಾದರೂ ಹುಡುಕುವವನು. ಅಪ್ಪನ ಬೆಳೆಸಾಲ ನವೀಕರಿಸಲು ಅವನನ್ನೇ ಬ್ಯಾಂಕಿಗೆ ಕಳಿಸುತ್ತಿದ್ದರು. ಮೂರು ಸಲ ಹೋದ, ಮೂರು ಸಲವೂ ಬರಿಗೈಲಿ ಬಂದ. ನಾನು ಕೇಳಿದರೆ, "ದೊಡ್ಡಪ್ಪ, ಸಾಹೇಬ್ರು ಏನೋ ಕೇಳಿದ್ರು, ನನಗ ತಿಳೀಲಿಲ್ಲ. ಹಿಂದ ಮಂದಿ ನಿಂತಿದ್ರು. ಹೂಂನ್ರಿ ಅಂದು ಹೊಳ್ಳಿ ಬಂದೆ" ಅಂದ.

ಅಷ್ಟರಲ್ಲಿ ಮನೆ ಬಾಗಿಲಿಗೇ ಬಂದು ವಾರದ ಕಂತಿನ ಮೇಲೆ ಹತ್ತು ಸಾವಿರ ಕೊಡುವವರು ಸಿಕ್ಕರು. ಅವರು ಏನನ್ನೂ ಕೇಳಲಿಲ್ಲ. ಅದೇ ಅವನಿಗೆ ಚಲೋ ಅನಿಸಿತು. ಆ ಕಂತು ಕಟ್ಟಲು ಇನ್ನೊಂದು ಸಾಲ, ಅದಕ್ಕೆ ಮತ್ತೊಂದು. ಆರು ತಿಂಗಳಲ್ಲಿ ನಾಲ್ಕು ಕಾರ್ಡು, ಐವತ್ತೆಂಟು ಸಾವಿರ. 2024ರ ಜನವರಿಯಲ್ಲಿ ಒಂದು ರಾತ್ರಿ ಹೇಳದೆ ಕೇಳದೆ ಹುಬ್ಬಳ್ಳಿ ಬಸ್ಸು ಹತ್ತಿ ಹೋದ. ಕಂತಿನವರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಅವನ ತಾಯಿ ಕೊರಳಿನ ಬೋರಮಾಳ ಮಾರಿದಳು. ಬ್ಯಾಂಕಿನ ಒಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದ್ದಕ್ಕೆ ಒಂದು ಮನೆಯ ಬಂಗಾರ ಹೋಯಿತು.

ಅವನನ್ನು ಬೈಯಲು ನನಗೆ ಬಾಯಿ ಇರಲಿಲ್ಲ. 2003ರ ಬರದಲ್ಲಿ ನಾನೂ ಓದದೆ ಒಂದು ಕಾಗದಕ್ಕೆ ಸಹಿ ಹಾಕಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ.

ಎರಡು ಸಲ ಕೆಟ್ಟದ್ದು

ಆ ವರ್ಷ ಫೆಬ್ರುವರಿ 26ರಿಂದ ಮಾರ್ಚ್ 1ರ ವರೆಗೆ ರಿಸರ್ವ್ ಬ್ಯಾಂಕಿನವರ ಹಣಕಾಸು ತಿಳಿವಳಿಕೆಯ ವಾರ ಇತ್ತು. 2016ರಿಂದ ವರ್ಷಾ ಅದನ್ನು ಮಾಡುತ್ತಾ ಬಂದಿದ್ದಾರೆ. 2024ರದ್ದು ಹರೆಯದವರಿಗಾಗಿ, ಅದರಲ್ಲೂ ಕಾಲೇಜು ಕಲಿಯುವವರಿಗಾಗಿ ಇಟ್ಟದ್ದು. ಅವರ ಪುಸ್ತಿಕೆಯೊಂದನ್ನು ನಿವೃತ್ತ ಮಾಸ್ತರೊಬ್ಬರು ತಂದು ತೋರಿಸಿದರು. ಪುಸ್ತಿಕೆ ಒಳ್ಳೆಯದೇ. ಅದನ್ನೇ ನೋಡಿ ನಾವಿಬ್ಬರು ನಲವತ್ತು ಪುಟದ ಪ್ರಶ್ನೋತ್ತರ ಬರೆದೆವು. ಚಿತ್ರ ತೆಗೆಯಲು ನೇಕಾರರ ಮನೆಯ ಹುಡುಗಿಯೊಬ್ಬಳು ಬಂದಳು, ಡಿಗ್ರಿ ಎರಡನೇ ವರ್ಷ.

ಸಂಜೆ ಏಳಕ್ಕೆ ಗುಡಿಯ ಕಟ್ಟೆಯ ಮೇಲೆ ಪಾಠ ಶುರು. ಮೊದಲ ದಿನ ಹದಿನಾಲ್ಕು ಹುಡುಗರು. "ಉಳಿತಾಯ ಎಂದರೇನು?" ಅಂತ ಮಾಸ್ತರು ಓದಿದರು. ಎರಡನೇ ದಿನ ಐದು ಮಂದಿ. ಆ ಹುಡುಗಿ ನೇರವಾಗಿ ಹೇಳಿದಳು, "ಕಾಕಾ, ಇದು ಪರೀಕ್ಷಿ ಇದ್ದಂಗ ಐತ್ರಿ. ಪರೀಕ್ಷಿಯಾಗ ನಪಾಸಾದವರ ಇಲ್ಲಿ ಕುಂತಾರ."

ಎರಡನೇ ಸಲ ಹೊಸ ನಮೂನೆ ಮಾಡಿದೆವು. ಮೋಸದ ಸುದ್ದಿಗಳನ್ನೆಲ್ಲ ಕೂಡಿಸಿ, ಓಟಿಪಿ ಹೇಳಿ ರೊಕ್ಕ ಕಳಕೊಂಡವರು, ಆಪಿನ ಸಾಲದವರ ಕಾಟ, ಸಹಿ ಹಾಕಿ ಸಿಕ್ಕಿಬಿದ್ದವರು, ಎಲ್ಲವನ್ನೂ ಕೆಂಪು ಮಸಿಯಲ್ಲಿ ಬರೆದೆವು. ಈ ಸಲ ಹುಡುಗರು ಕಣ್ಣು ಬಿಟ್ಟುಕೊಂಡು ಕೇಳಿದರು. ನಾವು ಗೆದ್ದೆವು ಅಂದುಕೊಂಡೆವು. ವಾರದ ಮೇಲೆ ಒಬ್ಬ ತಾಯಿ ಬಂದು, "ಅಣ್ಣಾರ, ನಿಮ್ಮ ಪಾಠ ಕೇಳಿ ನನ್ನ ಮಗ ಎಟಿಎಂ ಕಾರ್ಡನ್ನ ಟ್ರಂಕಿನಾಗಿಟ್ಟು ಕೀಲಿ ಹಾಕ್ಯಾನ. ಈಗ ರೊಕ್ಕ ತರಾಕ ನಾನ ಹೋಗಬೇಕಾಗೇತಿ" ಅಂದಳು.

ನಗು ಬಂತು, ಆದರೆ ನಗುವ ಮಾತಾಗಿರಲಿಲ್ಲ. ಧೈರ್ಯ ಕೊಡಲು ಹೋಗಿ ಅಂಜಿಕೆ ಕೊಟ್ಟಿದ್ದೆವು. ಅಂಜಿದ ಹುಡುಗ ಬ್ಯಾಂಕು ಬಿಡುತ್ತಾನೆ, ಸಾಲ ಬಿಡುವುದಿಲ್ಲ. ಏನೂ ಕೇಳದೆ ಕೊಡುವವನ ಹತ್ತಿರ ಹೋಗುತ್ತಾನೆ. ನನ್ನ ತಮ್ಮನ ಮಗ ಮಾಡಿದ್ದೂ ಅದನ್ನೇ.

ಅವರವರ ಅಂಕಿ, ಅವರವರ ಕೈಯಲ್ಲಿ

ಆ ಯುಗಾದಿ ಮುಗಿದ ಮೇಲೆ ಅವನು ತಿರುಗಿ ಬಂದ. ಹದಿನೈದು ದಿನ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಒಂದು ಸಂಜೆ ತನ್ನ ಕಂತಿನ ಕಾರ್ಡು ತಂದು ನನ್ನ ಮುಂದಿಟ್ಟು, "ಇದನ್ನ ಹಾಕ್ರಿ ಪಾಠದಾಗ" ಅಂದ. ಮೂರನೇ ಸಲದ ಹಾಳೆಗಳು ಆ ಕಾರ್ಡಿನಿಂದ ಶುರುವಾದವು.

ಸಾಲ ಹತ್ತು ಸಾವಿರ. ಕೊಡುವಾಗಲೇ ಖರ್ಚು ಅಂತ 300 ಮುರಿದುಕೊಂಡಿದ್ದರು. ವಾರಕ್ಕೆ 450ರಂತೆ 25 ವಾರ, ಒಟ್ಟು 11,250. "ಬಡ್ಡಿ ನೂರಕ್ಕ ಹನ್ನೆರಡೂವರಿ ಅಷ್ಟ, ಬ್ಯಾಂಕಿನಂಗನ" ಅಂತ ಹೇಳಿ ಕೊಟ್ಟದ್ದು. ಲೆಕ್ಕ ಬಲ್ಲ ಹುಡುಗರೂ ಹೌದಲ್ಲ ಅಂದರು.

ಆಗ ನಾವು ಇಪ್ಪತ್ತೈದು ಹುಣಸೆ ಬೀಜ ತಂದೆವು. ಒಂದು ಬೀಜ ಅಂದರೆ 400 ರೂಪಾಯಿ ಅಸಲು. ಹುಡುಗನ ಮುಂದೆ ಇಪ್ಪತ್ತೈದೂ ಬೀಜ ಇಟ್ಟು ವಾರಕ್ಕೊಂದರಂತೆ ಎತ್ತುತ್ತಾ ಹೋದೆವು. ಹನ್ನೆರಡನೇ ವಾರಕ್ಕೆ ನೋಡಿದರೆ ಅರ್ಧ ಬೀಜ ಕೊಟ್ಟವನ ಕಡೆ ಹೋಗಿವೆ. ಅಂದರೆ ಹತ್ತು ಸಾವಿರ ಇವನ ಕೈಯಲ್ಲಿ ಇದ್ದದ್ದು ಮೊದಲ ವಾರ ಮಾತ್ರ. ಸರಾಸರಿ ಹಿಡಿದರೆ ಐದು ಸಾವಿರದಷ್ಟು, ಅದೂ ಅರ್ಧ ವರ್ಷ. ಅದಕ್ಕೆ ಕೊಟ್ಟದ್ದು 1,250 ಮತ್ತು ಮುರಿದ 300, ಕೂಡಿ 1,550. ನೂರಕ್ಕೆ ಅರ್ಧ ವರ್ಷಕ್ಕೆ 31, ವರ್ಷಕ್ಕೆ 62ರ ಸುಮಾರು. ಹಿಂದೆ ಕುಳಿತಿದ್ದ ಒಬ್ಬ ಎದ್ದು ಬಂದು ಬೀಜಗಳನ್ನು ತಾನೇ ಮತ್ತೊಮ್ಮೆ ಎಣಿಸಿದ. ಅವನ ಕಿಸೆಯಲ್ಲೂ ಒಂದು ಕಾರ್ಡಿತ್ತು.

ಇನ್ನೊಂದು ಹಾಳೆ "ನೂರಕ್ಕೆ ಎಷ್ಟು". ನಮ್ಮ ಊರ ಕಡೆ ಬಡ್ಡಿ ಹೇಳುವುದು ತಿಂಗಳಿಗೆ, ಬ್ಯಾಂಕು ಹೇಳುವುದು ವರ್ಷಕ್ಕೆ. "ನೂರಕ್ಕ ಮೂರು" ಅಂದರೆ ಸಣ್ಣದಾಗಿ ಕೇಳಿಸುತ್ತದೆ, ಬ್ಯಾಂಕಿನ ಏಳು ದೊಡ್ಡದಾಗಿ ಕೇಳಿಸುತ್ತದೆ. ಹುಡುಗರು ತಪ್ಪುವುದು ಇಲ್ಲೇ. ಮೂರು ಅಂದರೆ ವರ್ಷಕ್ಕೆ 36. ಬ್ಯಾಂಕಿನ ಬೆಳೆಸಾಲದ ಏಳನ್ನು ನಮ್ಮ ಊರ ಮಾತಿಗೆ ಇಳಿಸಿದರೆ ನೂರಕ್ಕೆ ತಿಂಗಳಿಗೆ 58 ಪೈಸೆ. ವಾಯಿದೆಯೊಳಗೆ ಕಟ್ಟಿದರೆ ಮೂರು ಟಕ್ಕೆ ಬಿಡುತ್ತಾರೆ, ಆಗ 33 ಪೈಸೆ. ಸಹಕಾರ ಸಂಘದಲ್ಲಾದರೆ ನಮ್ಮ ರಾಜ್ಯದಲ್ಲಿ ಮಿತಿಯೊಳಗಿನ ಬೆಳೆಸಾಲಕ್ಕೆ, ಹೇಳಿದ ದಿನ ಕಟ್ಟುವವರಿಗೆ, ಬಡ್ಡಿಯೇ ಇಲ್ಲ. ಪೈಸೆಯಲ್ಲಿ ಹೇಳಿದ ದಿನ ಹುಡುಗರಿಗೆ ಹೊಳೆಯಿತು. ಈ ಒಂದು ಹಾಳೆಯನ್ನು ಮಾತ್ರ ಬೇರೆ ಊರಿನವರೂ ಝೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ.

ಒಬ್ಬ ಎದುರು ಮಾತಾಡಿದ. "ಅದೆಲ್ಲ ಖರೇ ಕಾಕಾ. ನಮ್ಮವ್ವಗ ರಾತ್ರಿ ಒಂಬತ್ತಕ್ಕ ಎದಿ ನೋವು ಬಂತು. ಬ್ಯಾಂಕು ತೆಗೀತಿತ್ತೇನ್ರಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವನದು ಸರಿಯಾದ ಮಾತು. ಬಡ್ಡಿ ಹೆಚ್ಚು ಅಂತ ಬೈದು ಕೈತೊಳೆದುಕೊಳ್ಳುವ ಪಾಠ ಅವಸರದವನಿಗೆ ಕೆಲಸಕ್ಕೆ ಬಾರದು. ಅವನ ಮಾತಿನಿಂದಲೇ "ಅವಸರದ ಗಂಟು" ಅಂತ ಒಂದು ಹಾಳೆ ಹುಟ್ಟಿತು. ದಿನಕ್ಕೆ ಇಷ್ಟು ಅಂತ ಪಿಗ್ಮಿ ಕಟ್ಟುವುದು, ಎರಡು ಸಾವಿರ ಆಗುವವರೆಗೆ ಮುಟ್ಟದಿರುವುದು.

ಪಿಗ್ಮಿ ಅಂದಾಗ ನೇಕಾರರ ಹುಡುಗಿಗೆ ಮಾಸ್ತರು ಒಂದು ಹಳೆಯ ಕತೆ ಹೇಳಿದರು. 1925ರಲ್ಲಿ ಉಡುಪಿಯಲ್ಲಿ ಕೈಮಗ್ಗದವರು ಕಷ್ಟಕ್ಕೆ ಬಿದ್ದಾಗ ಅವರಿಗೆ ಬಂಡವಾಳ ಸಿಗಲಿ ಅಂತ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಕೂಡಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕು ಅಂತ ಹೆಸರಾಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿತು. 1928ರಲ್ಲಿ ಆ ಬ್ಯಾಂಕಿನವರು ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸತೊಡಗಿದರು. ಅದೇ ಪಿಗ್ಮಿ. "ಹಂಗಾರ ಅದು ನಮ್ಮಂಥವ್ರ ಸಲುವಾಗಿ ಹುಟ್ಟಿದ ಬ್ಯಾಂಕು" ಅಂದಳು ಹುಡುಗಿ.

ನಮ್ಮ ಗದಗ ಜಿಲ್ಲೆಯ ಕಣಗಿನಹಾಳದ್ದು ಇನ್ನೂ ಹಿಂದಿನ ಮಾತು. 1904ರಲ್ಲಿ ಸಹಕಾರ ಕಾಯಿದೆ ಬಂತು. ಮರು ವರ್ಷ, 1905ರ ಜುಲೈ 8ರಂದು, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಲ್ಲಿ ಒಕ್ಕಲಿಗರ ಪತ್ತಿನ ಸಂಘ ಕಟ್ಟಿದರು. ದೇಶದಲ್ಲೇ ಅಂಥದು ಮೊದಲನೆಯದು. ಸಾಹುಕಾರನ ಬಡ್ಡಿ ತಾಳದೆ ಒಕ್ಕಲಿಗರು ತಮ್ಮ ಲೆಕ್ಕದ ಪುಸ್ತಕ ತಾವೇ ಬರೆಯಲು ಕುಳಿತದ್ದು ಈ ನೆಲದಲ್ಲಿ. ಹುಡುಗರಿಗೆ ಇದನ್ನು ಹೇಳಿದ್ದು ಹೆಮ್ಮೆಗಲ್ಲ. ನಿಮ್ಮಪ್ಪ ಸಂಘದ ಶೇರುದಾರ ಇದ್ದರೆ ವರ್ಷದ ಸಭೆಗೆ ಹೋಗಬಹುದು, ಜಮಾಖರ್ಚು ಕೇಳಬಹುದು ಅಂತ ತಿಳಿಸಲು. "ಕೇಳಿದ್ರ ಸಿಟ್ಟಿಗೇಳಂಗಿಲ್ಲೇನ್ರಿ?" ಅಂತ ಒಬ್ಬ ಕೇಳಿದ. ಏಳಬಹುದು, ಆದರೂ ಕೇಳಬಹುದು ಅಂದೆ.

ಹೆಸರಿನ ಹಾಳೆಯಲ್ಲಿ ಬಿಟ್ಟುಹೋದ ಸಾಲು

ಮೊದಲನೇ ಹಾಳೆ ಒಂದು ಎಕರೆ ಹೆಸರಿನದು. ಪುಸ್ತಕದ ಉದಾಹರಣೆ ಬಿಟ್ಟು ನನ್ನ ಹೊಲದ ಅಂಕಿಯನ್ನೇ ಇಟ್ಟೆ. ಹರಗುವುದು, ಬಿತ್ತುವುದು 2,400. ಬೀಜ 900. ಡಿಎಪಿ ಒಂದು ಚೀಲ 1,350. ಎಡೆ ಹೊಡೆದದ್ದು 1,800. ಔಷಧ ಸಿಂಪಡಣೆ 1,500. ಒಕ್ಕಣೆ, ಮಷಿನ್ ಬಾಡಿಗೆ 3,200. ಕೂಡಿ 11,150. ಬಂದದ್ದು ಮೂರು ಕ್ವಿಂಟಲ್, ಅಡತಿ ಪಟ್ಟಿಯಲ್ಲಿ 6,800ರಂತೆ 20,400. ಗಾಡಿ, ಹಮಾಲಿ 600 ತೆಗೆದರೆ ಉಳಿದದ್ದು 8,650. ಚಲೋ ಉಳೀತು ಅಂತ ಮೀಸೆ ತಿರುವಿದೆ.

ಕೊನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ಕಳೇ ತಗದವ್ರ ಪಗಾರ ಎಲ್ಲೈತ್ರಿ? ಬುಡ್ಡಿ ಬಿಡಿಸಿದವ್ರದು?"

ಕಳೆ ತೆಗೆದದ್ದು, ಕಾಯಿ ಬಿಡಿಸಿದ್ದು ನನ್ನ ಹೆಂಡತಿ ಮತ್ತು ಸೊಸೆ. ಮನೆಯವರಿಗೆ ಎಂಥ ಪಗಾರ ಅಂತ ನನ್ನ ಬಾಯಿಗೆ ಬಂದಿತ್ತು. ಅಲ್ಲಿಯೇ ಕೂಡಿಸಿ ನೋಡಿದೆವು. ಇಬ್ಬರದೂ ಸೇರಿ ಹದಿನೆಂಟು ಆಳು, ಮುನ್ನೂರರಂತೆ 5,400. ಉಳಿದದ್ದು 3,250. ಆ ಸಾಲು ಈಗ ಹಾಳೆಯಲ್ಲಿ ಅಚ್ಚಾಗಿದೆ, "ಮನೆಯ ಹೆಣ್ಣುಮಕ್ಕಳ ಆಳು" ಅಂತ. ನಮ್ಮ ಅಂಕಿಯ ಪಕ್ಕ ಒಂದು ಖಾಲಿ ಖಾನೆ ಬಿಟ್ಟಿದ್ದೇವೆ. ಹುಡುಗರು ತಮ್ಮ ಹೊಲದ್ದನ್ನು ಅಪ್ಪನಿಗೆ, ಅವ್ವನಿಗೆ ಕೇಳಿ ತುಂಬಿಕೊಂಡು ಬರಬೇಕು. ಅವ್ವನಿಗೆ ಕೇಳಿದವರ ಹಾಳೆ ಬೇಗ ತುಂಬುತ್ತದೆ ಅನ್ನುವುದು ನಮಗೆ ಕಂಡ ಸಂಗತಿ.

ಬೆಳೆ ವಿಮೆಯ ಹಾಳೆ ಸಣ್ಣದು. ಮುಂಗಾರಿ ಕಾಳು, ಎಣ್ಣೆಕಾಳಿಗೆ ರೈತನ ವಂತಿಗೆ ವಿಮಾ ಮೊತ್ತದ ನೂರಕ್ಕೆ ಎರಡು, ಹಿಂಗಾರಿಗೆ ಒಂದೂವರೆ. ಕೊನೆಯ ದಿನ ಬರೆಯಲು ಒಂದು ಖಾನೆ, ರಸೀದಿ ಅಂಟಿಸಲು ಒಂದು ಜಾಗ. ಆಲಿಕಲ್ಲು, ನೀರು ನಿಂತು ನಷ್ಟವಾದರೆ 72 ತಾಸಿನೊಳಗೆ ತಿಳಿಸಬೇಕು ಅನ್ನುವ ಒಂದು ಸಾಲು ದಪ್ಪ ಅಕ್ಷರದಲ್ಲಿದೆ.

ಕೌಂಟರಿನ ಆಟ

ಹುಡುಗರು ಹೆಚ್ಚು ಖುಷಿಯಿಂದ ಮಾಡಿದ್ದು ಸಾಹೇಬರ ಆಟ. ಒಬ್ಬ ಮ್ಯಾನೇಜರ್, ಒಬ್ಬ ಗಿರಾಕಿ, ನಾಲ್ಕು ಮಂದಿ ಹಿಂದೆ ನಿಂತು "ಲಗೂನ ಮುಗಸೋ" ಅಂತ ಗದ್ದಲ ಮಾಡುವವರು. ಗದ್ದಲ ಮಾಡುವವರು ಬೇಕೇ ಬೇಕು, ಯಾಕಂದರೆ ಹುಡುಗರ ಬಾಯಿ ಕಟ್ಟುವುದು ಅವರಿಂದಲೇ. ಬ್ಯಾಂಕಿನಿಂದ ಕೇಳಿ ತಂದ ಖಾಲಿ ಸ್ಲಿಪ್ಪು ತುಂಬುವುದು, ತಪ್ಪಾದರೆ ಹರಿದು ಇನ್ನೊಂದು ತುಂಬುವುದು. ಒಂದು ಮಾತನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದೆವು: "ತಿಳೀಲಿಲ್ರಿ ಸಾಹೇಬ್ರ, ಇನ್ನೊಮ್ಮೆ ಹೇಳ್ರಿ." ಈ ಮಾತು ಹೇಳಲು ನನ್ನ ತಮ್ಮನ ಮಗನಿಗೆ ಮೂರು ಸಂಜೆ ಬೇಕಾಯಿತು. ಆಟದಲ್ಲಿ!

ಹನ್ನೆರಡನೇ ಹಾಳೆಯಲ್ಲಿ ನಾವು ಏನೂ ಬರೆದಿಲ್ಲ. ಮೇಲೆ "ನನ್ನ ಪ್ರಶ್ನೆ", ಕೆಳಗೆ "ಅವರು ಕೊಟ್ಟ ಉತ್ತರ", ತಾರೀಖು. ಮೂವರು ಮೂವರಾಗಿ ಬ್ಯಾಂಕಿಗೆ ಹೋಗಿ, ಒಂದೊಂದು ಪ್ರಶ್ನೆ ಕೇಳಿ ಬರೆದುಕೊಂಡು ಬರಬೇಕು. ಈ ಹಾಳೆ ತುಂಬಿದರೆ ಮಾತ್ರ ಪಾಠ ಮುಗಿದಂತೆ. ಉಳಿದ ಹನ್ನೊಂದು ಹಾಳೆ ಇದರ ತಯಾರಿ ಅಷ್ಟೇ.

ಒಬ್ಬ ಮೋಟಾರ್ ಸೈಕಲ್ ಸಾಲ ಕೇಳಲು ಹೋಗಿದ್ದ. ಮಾರುವವರು "ಬಡ್ಡಿ ಒಂಬತ್ತು" ಅಂದಿದ್ದರು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ ಎಲ್ಲ ಖರ್ಚೂ ಸೇರಿದ ವರ್ಷದ ದರ ಬರೆದ ಒಂದು ಹಾಳೆಯನ್ನು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ಕೆಎಫ್‌ಎಸ್ ಅನ್ನುತ್ತಾರೆ. ಇವನು ಅದನ್ನು ಕೇಳಿದ. ಮೊದಲು ಅದೇನು ಅಂದರು, ಆಮೇಲೆ ಕೊಟ್ಟರು. ಅದರಲ್ಲಿ 17ರ ಮೇಲಿತ್ತು. ಹುಣಸೆ ಬೀಜದ ಲೆಕ್ಕವೇ, ಕಟ್ಟಿ ಮುಗಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಹಿಡಿಯುವುದು. ಗಾಡಿ ತೆಗೆದುಕೊಂಡ, ಆದರೆ ಒಂದು ಸುಗ್ಗಿ ತಡೆದು, ಮುಂಗಡ ಹೆಚ್ಚು ಕಟ್ಟಿ.

ಚಿತ್ರ ತೆಗೆಯುವ ಹುಡುಗಿಯ ಪ್ರಶ್ನೆ ಬೇರೆ ಇತ್ತು. ಅವಳ ತಂದೆ ಜಡ್ಡಿನಿಂದ ತೀರಿಕೊಂಡು ಐದು ತಿಂಗಳಾಗಿತ್ತು. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಆಗಿದ್ದನ್ನು ತೋರಿಸಿ, "ಇದು ಯಾತರದ್ರಿ?" ಅಂತ ಕೇಳಿದಳು. ಅಪಘಾತ ವಿಮೆ ಅಂದರು. ಜಡ್ಡಿನಿಂದ ಸತ್ತವರಿಗೆ ಅದು ಬರುವುದಿಲ್ಲ. ಯಾವ ಕಾರಣದಿಂದ ತೀರಿಕೊಂಡರೂ ಎರಡು ಲಕ್ಷ ಬರುವ ಇನ್ನೊಂದು ವಿಮೆ ಇದೆ, ವರ್ಷಕ್ಕೆ 436 ರೂಪಾಯಿ, ಐವತ್ತು ವಯಸ್ಸಿನೊಳಗೆ ಸೇರಬೇಕು. ಅವರು ಅದಕ್ಕೆ ಸೇರಿರಲಿಲ್ಲ. ಆ ಸಂಜೆ ಅವಳು ಸುಮ್ಮನೆ ಕುಳಿತಿದ್ದಳು. ಮರುದಿನ ಆ ಪಾಸ್‌ಬುಕ್ಕಿನ ಪುಟವನ್ನು ತಾನೇ ತೆಗೆದು ಏಳನೇ ಹಾಳೆ ಮಾಡಿದಳು. 20ರ ಸುತ್ತ ಒಂದು ಗುಂಡು, 436 ಇರಬೇಕಾಗಿದ್ದ ಖಾಲಿ ಜಾಗದ ಸುತ್ತ ಇನ್ನೊಂದು. ಇದನ್ನು ಅವಳ ಒಪ್ಪಿಗೆ ಪಡೆದು ಬರೆದಿದ್ದೇನೆ.

ಇನ್ನೂ ಸರಿಯಾಗದ್ದು

ಮೊಬೈಲ್ ಮೋಸದ ಹಾಳೆ ನಮಗೆ ಇನ್ನೂ ಕೂಡಿಬಂದಿಲ್ಲ. ಹೊಸ ಮೋಸ ಬಂದಷ್ಟು ಬೇಗ ನಮ್ಮ ಝೆರಾಕ್ಸ್ ಬರುವುದಿಲ್ಲ. ರೊಕ್ಕ ಹೋದ ಕೂಡಲೇ 1930ಕ್ಕೆ ಫೋನು ಮಾಡಬೇಕು ಅನ್ನುವುದನ್ನಷ್ಟೇ ಉಳಿಸಿಕೊಂಡಿದ್ದೇವೆ. ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದ್ದರಿಂದ ಎರಡು ಹಾಳೆಯಲ್ಲಿ ಹೆಸರು ತಿದ್ದಬೇಕಾಯಿತು. ಕಿರುಕುಳ ಕೊಟ್ಟು ಕಂತು ವಸೂಲಿ ಮಾಡುವವರ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾಯಿದೆಯೂ ಆಯಿತು. ಅದನ್ನು ಒಂದು ಸಾಲಾಗಿ ಸೇರಿಸಿದೆವು. ನಮ್ಮ ಕಟ್ಟೆಯ ಮೇಲೆ ಅವರು ಕುಳಿತದ್ದು ಅದಕ್ಕೆ ಒಂದು ವರ್ಷ ಮೊದಲು.

ಹನ್ನೆರಡು ಹಾಳೆಗೆ ಝೆರಾಕ್ಸ್ ಖರ್ಚು ಒಬ್ಬರಿಗೆ 24 ರೂಪಾಯಿ. ಹುಡುಗರೇ ಕೊಡುತ್ತಾರೆ. ಪುಕ್ಕಟೆ ಕೊಟ್ಟಿದ್ದಾಗ ಹಾಳೆಗಳು ಅಂಗಡಿಯಲ್ಲಿ ಚುರುಮುರಿ ಕಟ್ಟಲು ಹೋಗಿದ್ದವು. ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತು ಆಗದು ಅಂತ ಈಗ ಭಾನುವಾರ ಮಧ್ಯಾಹ್ನವೂ ಕೂಡುತ್ತೇವೆ. ತಮ್ಮನ ಮಗ ಮೂರು ಸಾಲ ತೀರಿಸಿದ್ದಾನೆ, ಒಂದು ಉಳಿದಿದೆ, ಹದಿನಾಲ್ಕು ಸಾವಿರ. ಬೋರಮಾಳ ಇನ್ನೂ ಬಂದಿಲ್ಲ.

ಜಾಮೀನಿನ ಹಾಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 2003ರಲ್ಲಿ ಬೀಗರೊಬ್ಬರ ಸಾಲಕ್ಕೆ, ಕಾಗದ ಓದಿಸದೆ ಸಹಿ ಹಾಕಿದ್ದೆ. ಬರೀ ಸಾಕ್ಷಿ ಸಹಿ ಅಂದುಕೊಂಡಿದ್ದೆ. ಅವರು ಕಟ್ಟಲಿಲ್ಲ, ನಾಲ್ಕು ವರ್ಷ ನಾನು ಕಟ್ಟಿದೆ. ಇದನ್ನೆಲ್ಲ ಬರೆದು ಮೊತ್ತದ ಜಾಗದಲ್ಲಿ "ಸ್ವಲ್ಪ ರೊಕ್ಕ" ಅಂತ ಹಾಕಿದ್ದೆ. ಚಿತ್ರ ತೆಗೆಯುವ ಹುಡುಗಿ ಮನೆಗೆ ಬಂದವಳು ಅದನ್ನು ಓದಿ, "ಕಾಕಾ, ಎಲ್ಲಾರಿಗೂ ಅಂಕಿ ಹಾಕ್ರಿ ಅಂತೀರಿ, ನಿಮ್ಮದೆಲ್ಲೈತ್ರಿ?" ಅಂದಳು. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು. ಇಪ್ಪತ್ತು ವರ್ಷ ಅವಳಿಗೂ ಹೇಳಿರಲಿಲ್ಲ. 27,400 ಅಂತ ಬರೆದೆ.